ನಾಯಕ ಕೆಡೋದು ಯಾವ ದಿನದಿಂದ? 'ಅನಿಮಲ್ ಫಾರ್ಮ್', 'ತುಘಲಕ್' ಓದಿದವರು ಹೇಳಿ

ಕುಕ್ಕರಹಳ್ಳಿ ಓದುಗ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವೊಂದಿಷ್ಟು ಜನ ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು, ಅಲ್ಲೇ ಕೂತು ಓದಿದ್ದರ ಬಗ್ಗೆ ಮಾತಾಡುತ್ತೇವೆ. ನಾನು ಬ್ಯಾಂಕಿನವನು. ಇಬ್ಬರು ಮಾನಸಗಂಗೋತ್ರಿಯ ವಿದ್ಯಾರ್ಥಿಗಳು, ಒಬ್ಬರು ಔಷಧಿ ಅಂಗಡಿಯವರು, ಒಬ್ಬರು ರಿಟೈರ್ ಆದ ಇಂಜಿನಿಯರ್. ಈ ಸಲ ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್' ಮತ್ತು ಗಿರೀಶ ಕಾರ್ನಾಡರ 'ತುಘಲಕ್' ಎರಡನ್ನೂ ಒಟ್ಟಿಗೆ ಓದಿದೆವು. ಒಂದು 1945ರದ್ದು, ಇನ್ನೊಂದು 1964ರದ್ದು. ಒಂದರಲ್ಲಿ ರಷ್ಯಾದ ಕ್ರಾಂತಿ ಹಂದಿ, ಕುದುರೆಗಳ ವೇಷ ಹಾಕಿದೆ. ಪ್ರಾಣಿಗಳು ಯಜಮಾನನನ್ನು ಓಡಿಸುತ್ತವೆ, ಆಮೇಲೆ ನೆಪೋಲಿಯನ್ ಅನ್ನುವ ಹಂದಿ ಅವುಗಳ ಮೇಲೆ ಸರ್ವಾಧಿಕಾರಿಯಾಗುತ್ತದೆ. ಇನ್ನೊಂದರಲ್ಲಿ 14ನೇ ಶತಮಾನದ ದೆಹಲಿಯ ಸುಲ್ತಾನ ತುಘಲಕ್ ಇದ್ದಾನೆ. ಆದರೆ ಅವನ ಹಿಂದೆ ಸ್ವಾತಂತ್ರ್ಯ ಬಂದ ಮೇಲಿನ ನಮ್ಮ ಕನಸೂ ನಿರಾಸೆಯೂ ಕಾಣುತ್ತದೆ.

ಮಾತು ಜೋರಾಯಿತು. ನಮ್ಮ ಇಂಜಿನಿಯರ್ ಹೇಳಿದ್ದು ಹೀಗೆ: ನೆಪೋಲಿಯನ್ ಹಂದಿ ಮೊದಲಿನಿಂದಲೂ ಕೆಟ್ಟದ್ದೇ. ಇಲ್ಲದಿದ್ದರೆ ಹಾಲು ಬಿಟ್ಟ ತಕ್ಷಣ ಆ ಒಂಬತ್ತು ನಾಯಿಮರಿಗಳನ್ನು ತಾಯಂದಿರಿಂದ ಬೇರೆ ಮಾಡಿ ಅಟ್ಟದ ಮೇಲೆ ಯಾಕೆ ಸಾಕುತ್ತಿತ್ತು? ವಿದ್ಯಾರ್ಥಿಗಳು ಒಪ್ಪಲಿಲ್ಲ. ಕುರ್ಚಿಯೇ ಕೆಡಿಸುವುದು, ಯಾರು ಕೂತರೂ ಅಷ್ಟೇ ಅಂದರು. ಕೊನೆಗೆ ಯಾರೋ 1887ರಲ್ಲಿ ಇಂಗ್ಲೆಂಡಿನ ಇತಿಹಾಸಕಾರ ಲಾರ್ಡ್ ಆಕ್ಟನ್, ಮುಂದೆ ಬಿಷಪ್ ಆದ ಕ್ರೈಟನ್‌ಗೆ ಬರೆದ ಪತ್ರದ ಆ ಪ್ರಸಿದ್ಧ ಮಾತು ಹೇಳಿದರು. ಅಧಿಕಾರ ಕೆಡಿಸುವ ಕಡೆಗೇ ವಾಲುತ್ತದೆ, ಪೂರ್ತಿ ಅಧಿಕಾರ ಪೂರ್ತಿ ಕೆಡಿಸುತ್ತದೆ ಅಂತ. ಎಲ್ಲರೂ ತಲೆಯಾಡಿಸಿದರು. ಅಲ್ಲಿಗೆ ಚರ್ಚೆ ನಿಂತಿತು.

ನನಗೆ ಸಮಾಧಾನವಾಗಲಿಲ್ಲ. ಕೆಡಿಸುತ್ತದೆ ಸರಿ, ಆದರೆ ಹೇಗೆ? ಈ ಕಥೆಗಳಲ್ಲಿ 'ಇವತ್ತಿನಿಂದ ನಾನು ಕೆಟ್ಟವನಾಗುತ್ತೇನೆ' ಅಂತ ನಾಯಕ ತೀರ್ಮಾನ ಮಾಡುವ ದೃಶ್ಯ ನನಗೆ ಒಂದೂ ಸಿಗಲಿಲ್ಲ. ಹಾಗಾದರೆ ನೀವು ಯಾವ ಪುಟದ ಮೇಲೆ ಬೆರಳಿಡುತ್ತೀರಿ? 'ಇಲ್ಲಿಂದ ಶುರು' ಅಂತ ಎಲ್ಲಿ ಹೇಳುತ್ತೀರಿ?

---

ಪರದೆ ಹಿಂದಿನವನು

ತುಘಲಕ್ ಬಗ್ಗೆ ಮಾತ್ರ ಹೇಳುತ್ತೇನೆ. ಮೈಸೂರಿನ ಹವ್ಯಾಸಿ ತಂಡದಲ್ಲಿ ಈ ನಾಟಕಕ್ಕೆ ಬೆಳಕು ಮಾಡಿದ್ದೇನೆ. ಬೆಳಕಿನವನಿಗೆ ಒಂದು ಅನುಕೂಲ ಇದೆ. ತಾಲೀಮಿನಲ್ಲಿ ಇಡೀ ನಾಟಕವನ್ನು ಮತ್ತೆ ಮತ್ತೆ ದೂರದಿಂದ ನೋಡುತ್ತಾನೆ.

ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೇ ದಾವೆ ಹಾಕಿ ಗೆದ್ದಿದ್ದಾನೆ. ಸುಲ್ತಾನ ಎಲ್ಲರೆದುರು ತೀರ್ಪನ್ನು ಒಪ್ಪಿಕೊಳ್ಳುತ್ತಾನೆ. ಎಂಥ ದೊಡ್ಡ ಮನಸ್ಸು ಅಲ್ವಾ! ಅದೇ ಉಸಿರಿನಲ್ಲಿ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸುತ್ತೇನೆ ಅನ್ನುತ್ತಾನೆ. ಆದರೆ ಇದು ಬರೀ ಆಹ್ವಾನ, ಅಪ್ಪಣೆ ಅಲ್ಲ, ನನ್ನಲ್ಲಿ ನಂಬಿಕೆ ಇದ್ದವರು ಬನ್ನಿ ಅಂತಲೂ ಹೇಳುತ್ತಾನೆ.

ಈಗ ಆರನೇ ದೃಶ್ಯಕ್ಕೆ ಬನ್ನಿ. ಆಸ್ಥಾನದ ಅಮೀರರು ಪ್ರಾರ್ಥನೆಯ ಹೊತ್ತಿನಲ್ಲೇ ಅವನನ್ನು ಕೊಲ್ಲಲು ಸಂಚು ಮಾಡಿದ್ದಾರೆ. ಸಂಚು ಬಯಲಾಗುತ್ತದೆ. ಸಂಚಿನಲ್ಲಿದ್ದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ. ಆಮೇಲೆ ಬರುವ ಆಜ್ಞೆಗಳನ್ನು ನೋಡಿ. ಶಿಹಾಬುದ್ದೀನ ಸುಲ್ತಾನನನ್ನು ಕಾಪಾಡುತ್ತಾ ಸತ್ತ ಅಂತ ಸಾರಬೇಕು. ರಾಜ್ಯದಲ್ಲಿ ಇನ್ನು ಪ್ರಾರ್ಥನೆ ಇಲ್ಲ. ಮತ್ತು ದೆಹಲಿಯಲ್ಲಿ ಒಂದು ಜೀವವೂ ಉಳಿಯಬಾರದು, ಎಲ್ಲರೂ ದೌಲತಾಬಾದಿಗೆ ಹೊರಡಬೇಕು.

ಯೋಜನೆ ಬದಲಾಗಿಲ್ಲ ಗಮನಿಸಿ. ಊರು ಅದೇ, ದಾರಿ ಅದೇ. ಆಹ್ವಾನ ಇದ್ದದ್ದು ಅಪ್ಪಣೆ ಆಯಿತು, ಅಷ್ಟೇ. ತುಘಲಕ್‌ಗೆ ಹಣದ ಆಸೆಯಿಲ್ಲ, ಹಂದಿಗಳ ಹಾಗೆ ವಿಸ್ಕಿಯ ಚಪಲವೂ ಇಲ್ಲ. ಅವನನ್ನು ಕೆಡಿಸಿದ್ದು ಅವನ ಒಳ್ಳೆಯ ಉದ್ದೇಶದ ಮೇಲೆ ಅವನಿಗಿದ್ದ ಅತಿಯಾದ ನಂಬಿಕೆ. ನಾನು ಸರಿ ಇದ್ದೇನೆ, ಜನಕ್ಕೆ ಅರ್ಥವಾಗುತ್ತಿಲ್ಲ, ಇನ್ನು ಕಾಯಲು ಪುರುಸೊತ್ತಿಲ್ಲ. ಇಷ್ಟು ಸಾಕು ಒಬ್ಬನನ್ನು ಕೊಲೆಗಾರನನ್ನಾಗಿ ಮಾಡಲು.

ಇನ್ನೊಂದು ವಿಷಯ. ಆ ಬ್ರಾಹ್ಮಣ ನಿಜವಾದ ಬ್ರಾಹ್ಮಣನೇ ಅಲ್ಲ. ವೇಷ ಹಾಕಿದ ಅಗಸ, ಅಜೀಜ. ಸುಲ್ತಾನನ ಪ್ರತಿಯೊಂದು ಒಳ್ಳೆಯ ಕಾನೂನೂ ಅಜೀಜನಿಗೆ ಒಂದು ಹೊಸ ದಂಧೆ. ನ್ಯಾಯ ಬಂತು, ಸುಳ್ಳು ದಾವೆ ಹಾಕಿದ. ತಾಮ್ರದ ನಾಣ್ಯ ಬಂತು, ಖೋಟಾ ನಾಣ್ಯ ಟಂಕಿಸಿದ. ಕೊನೆಯಲ್ಲಿ ಸುಲ್ತಾನ ಅವನನ್ನು ಹಿಡಿದರೂ ಕೊಲ್ಲುವುದಿಲ್ಲ, ಅಧಿಕಾರ ಕೊಟ್ಟು ಕಳಿಸುತ್ತಾನೆ. ಆ ಜಾಗದಲ್ಲಿ ಇಬ್ಬರ ಮುಖಕ್ಕೂ ಒಂದೇ ಬೆಳಕು ಕೊಡಬೇಕು ಅಂತ ನಾನು ನಿರ್ದೇಶಕರ ಜೊತೆ ವಾದ ಮಾಡಿದ್ದೆ. ಈಗಲೂ ಅದೇ ಸರಿ ಅನ್ನಿಸುತ್ತದೆ.

---

ನಾಲೆ ಬದಿ ಹುಡುಗಿ

ನಾನು ಮಂಡ್ಯ ಜಿಲ್ಲೆಯವಳು, ಮದ್ದೂರು ಕಡೆ. ಈಗ ಕೆಲಸ ಮೈಸೂರಿನಲ್ಲಿ. ಓದುಗರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಒಂದೇ ಪದ. ಹಾಲು.

'ಅನಿಮಲ್ ಫಾರ್ಮ್'ನಲ್ಲಿ ಯಜಮಾನ ಜೋನ್ಸ್‌ನನ್ನು ಓಡಿಸಿದ ಮರುದಿನ ಹಸುಗಳ ಕೆಚ್ಚಲು ಬಿಗಿದಿರುತ್ತದೆ. ಹಂದಿಗಳೇ ಕರೆಯುತ್ತವೆ. ಬಕೆಟ್ಟುಗಳ ತುಂಬ ನೊರೆಹಾಲು. ಈ ಹಾಲು ಏನು ಮಾಡೋದು ಅಂತ ಯಾರೋ ಕೇಳುತ್ತಾರೆ. ಹಾಲಿನ ಚಿಂತೆ ಬಿಡಿ, ಹುಲ್ಲು ಕೊಯ್ಲು ಮುಖ್ಯ ಅಂತ ನೆಪೋಲಿಯನ್ ಬಕೆಟ್ಟುಗಳಿಗೆ ಅಡ್ಡ ನಿಲ್ಲುತ್ತದೆ. ಸಂಜೆ ಬಂದು ನೋಡಿದರೆ ಹಾಲು ಇಲ್ಲ. ಆಮೇಲೆ ಸೇಬಿನ ಸರದಿ. ಗಾಳಿಗೆ ಉದುರಿದ ಸೇಬು ಎಲ್ಲರಿಗೂ ಸಮನಾಗಿ ಹಂಚುತ್ತಾರೆ ಅಂದುಕೊಂಡಿದ್ದರೆ, ಅದೂ ಹಂದಿಗಳಿಗೇ. ಈ ವಿಷಯದಲ್ಲಿ ಎಲ್ಲ ಹಂದಿಗಳಿಗೂ ಒಮ್ಮತ. ಉಳಿದೆಲ್ಲ ಮಾತಿಗೂ ನೆಪೋಲಿಯನ್ ಜೊತೆ ಜಗಳವಾಡುವ ಸ್ನೋಬಾಲ್ ಹಂದಿ ಕೂಡ ಇಲ್ಲಿ ಅದರ ಜೊತೆಗಿದೆ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಸ್ನೋಬಾಲ್ ಗೆದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವವರು ಆ ಪುಟಕ್ಕೆ ಹಿಂತಿರುಗಬೇಕು.

ಇದು ನನ್ನ ಊಹೆ ಮಾತ್ರ ಅಲ್ಲ. 1946ರ ಡಿಸೆಂಬರ್‌ನಲ್ಲಿ ಆರ್ವೆಲ್ ತನ್ನ ಅಮೆರಿಕದ ಗೆಳೆಯ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಪತ್ರ ಬರೆದ. ಹಂದಿಗಳು ಹಾಲು, ಸೇಬು ತಮಗೇ ಇಟ್ಟುಕೊಂಡದ್ದೇ ಕಥೆಯ ತಿರುವು, ಆವಾಗಲೇ ಉಳಿದ ಪ್ರಾಣಿಗಳು ಗಟ್ಟಿಯಾಗಿ ನಿಂತಿದ್ದರೆ ಸರಿಹೋಗುತ್ತಿತ್ತು ಅನ್ನುವ ಅರ್ಥದ ಮಾತು ಅದರಲ್ಲಿದೆ.

ಹಾಗಾದರೆ ಯಾಕೆ ನಿಲ್ಲಲಿಲ್ಲ? ಇಲ್ಲಿ ನಮ್ಮೂರಿನ ಡೈರಿ ವಿಷಯ ಹೇಳಬೇಕು.

ನಮ್ಮ ಕಡೆ ಡೈರಿ ಅಂದರೆ ಮನೆಯ ಕೈಖರ್ಚು. ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಹೇಳೋಕಾಗಲ್ಲ, ಹಾಲಿನ ಬಟವಾಡೆ ಬರುತ್ತದೆ. ಮಕ್ಕಳ ಫೀಸು, ಸೊಸೈಟಿ ಅಕ್ಕಿ, ಆಸ್ಪತ್ರೆ ಎಲ್ಲ ಅದರಲ್ಲೇ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಹಾಲಿನ ಸಂಘದಲ್ಲಿ ಫ್ಯಾಟ್ (ಹಾಲಿನ ಕೊಬ್ಬಿನಂಶ, ದರ ಅದರ ಮೇಲೆ) ಕಡಿಮೆ ಬರೆಯುತ್ತಾರೆ ಅಂತ ಗಲಾಟೆ ಇತ್ತು. ಒಬ್ಬ ಹುಡುಗ ಎದ್ದು ನಿಂತ. ಹುಡುಗ ಅಂದರೆ ಮೂವತ್ತರ ಆಸುಪಾಸು, ಡಿಗ್ರಿ ಓದಿ ಬೇಸಾಯಕ್ಕೆ ಬಂದವನು. ಮನೆಮನೆಗೆ ಹೋಗಿ ಪಾಸ್‌ಬುಕ್ ತೆಗೆಸಿ ನೋಡಿದ. ತಾಲ್ಲೂಕಿಗೆ ಅಲೆದ. ಹೊಸ ಮಿಷನ್ ತರಿಸಿದ. ನಮ್ಮ ಹಾಲಿಗೆ ನಮ್ಮ ಕಣ್ಣೆದುರೇ ಅಂಕಿ ಬೀಳುವ ಹಾಗಾಯಿತು. ಅವನು ಮಾಡಿದ್ದು ಸಣ್ಣ ಕೆಲಸ ಅಲ್ಲ. ಹಳಬರಿಂದ ಹೊಡೆತ ತಿಂದಿದ್ದ. ಮುಂದಿನ ಚುನಾವಣೆಯಲ್ಲಿ ಅವನೇ ಅಧ್ಯಕ್ಷ. ನಮ್ಮಪ್ಪ ಅವನಿಗೆ ಹಾರ ಹಾಕಿ ಬಂದಿದ್ದರು.

ಬೆಳಗ್ಗೆ ಹಾಲು ಹಾಕುವಾಗ ಸಾಲು ಇರುತ್ತದೆ. ಕ್ಯಾನ್ ಇಟ್ಟ ಕ್ರಮದಲ್ಲೇ ಸರದಿ. ಒಂದು ದಿನ ಅಧ್ಯಕ್ಷರ ಮನೆ ಆಳು ಬಂದು ಕ್ಯಾನನ್ನು ಸೀದಾ ಮುಂದೆ ಇಟ್ಟ. ಮುಂದಿದ್ದ ಅಜ್ಜಿಯೊಬ್ಬಳು "ನನ್ ಕ್ಯಾನ್ ಮೊದ್ಲಿತ್ತಲ್ಲಪ್ಪ" ಅಂದಳು. ಆಳು ಏನೂ ಹೇಳಲಿಲ್ಲ. ಸೆಕ್ರೆಟರಿಯೂ ಹೇಳಲಿಲ್ಲ. ಸಾಲಿನಲ್ಲಿದ್ದ ನಮ್ಮ ನೆರೆಯವರೇ ಹೇಳಿದರು: "ಸುಮ್ನಿರಜ್ಜಿ, ಅವ್ರಿಂದ ಅಲ್ವಾ ಈ ಡೈರಿ ಉಳ್ಕಂಡಿರೋದು."

ಆ ಮಾತು ಹೇಳಿದವರು ಒಳ್ಳೆಯವರು. ಭಯದಿಂದ ಹೇಳಿದ್ದೂ ಅಲ್ಲ, ಲಾಭಕ್ಕೆ ಹೇಳಿದ್ದೂ ಅಲ್ಲ. ಉಪಕಾರ ನೆನೆಯುವುದು ಒಳ್ಳೆಯ ಗುಣ ಅಂತ ನಂಬಿ ಹೇಳಿದ್ದು. ಕಾದಂಬರಿಯಲ್ಲಿ ಈ ಕೆಲಸವನ್ನು ಸ್ಕ್ವೀಲರ್ ಅನ್ನುವ ಮಾತುಗಾರ ಹಂದಿ ಮಾಡುತ್ತದೆ. ನಮಗೆ ಹಾಲು, ಸೇಬು ಇಷ್ಟವೇ ಇಲ್ಲ, ನಿಮಗೋಸ್ಕರ ಕುಡಿಯುತ್ತಿದ್ದೇವೆ, ನಾವು ಸೋತರೆ ಜೋನ್ಸ್ ವಾಪಸ್ ಬರುತ್ತಾನೆ ಅನ್ನುತ್ತದೆ. ನಮ್ಮೂರಿಗೆ ಸ್ಕ್ವೀಲರ್ ಬೇಕಾಗಲಿಲ್ಲ. ಹಳೇ ಕಮಿಟಿಯವರು ವಾಪಸ್ ಬಂದಾರು ಅಂತ ನಾವೇ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಸಾಲು ಮುರಿದದ್ದಕ್ಕೆ ಯಾರೂ ಕೇಳಲಿಲ್ಲ ಅಂದಮೇಲೆ ಉಳಿದದ್ದು ತಾನಾಗಿ ಬಂತು. ಹಿಂಡಿ ಮೂಟೆ ಮೊದಲು ಅವರ ಕಡೆಯವರಿಗೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವ ಬದಲು ಊಟಕ್ಕೆ ಏಳಿಸುವುದು. ಆಮೇಲೆ ಸಭೆಯೂ ಇಲ್ಲ, ನಡಾವಳಿ ಪುಸ್ತಕವೇ ಮನೆಬಾಗಿಲಿಗೆ ಸಹಿಗೆ ಬರುತ್ತಿತ್ತು. ಆ ಮನುಷ್ಯ ಮೊದಲಿನಿಂದ ಕಳ್ಳ ಅಂತ ಈಗ ಊರಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಹೊಡೆತ ತಿಂದು ಬಂದ ಸಂಜೆ ನಮ್ಮ ಜಗುಲಿಯಲ್ಲೇ ಕೂತಿದ್ದ. ಅದು ನಾಟಕ ಆಗಿರಲಿಲ್ಲ.

ಅದಕ್ಕೇ ನನಗೆ ಅನ್ನಿಸುವುದು, ಅಧಿಕಾರ ಕೆಡಿಸುವುದು ನಾಯಕನ ಕೆಟ್ಟತನದ ಬಾಗಿಲಿನಿಂದ ಒಳಗೆ ಬಂದಲ್ಲ. ಅವನು ನಿಜವಾಗಿ ಮಾಡಿದ ಒಳ್ಳೆಯ ಕೆಲಸದ ಬಾಗಿಲಿನಿಂದ ಬರುತ್ತದೆ. ಜನರ ಕೃತಜ್ಞತೆ ಅದನ್ನು ಒಳಗೆ ಕರೆದು ಕೂರಿಸುತ್ತದೆ.

ಆರ್ವೆಲ್‌ನ ಪುಸ್ತಕಕ್ಕೇ ಇದೇ ಗತಿ ಬಂದಿತ್ತು ಗೊತ್ತಾ? ಅವನು ಬರೆದು ಮುಗಿಸಿದ್ದು 1944ರ ಶುರುವಿನಲ್ಲಿ. ಆಗ ಹಿಟ್ಲರನ ಸೈನ್ಯದ ಎದುರು ರಷ್ಯಾ ನಿಂತಿತ್ತು. ಬ್ರಿಟನ್ನಿಗೆ ಆ ಋಣ ಇತ್ತು. ಪ್ರಕಾಶಕ ಗೊಲಾಂಜ್ ಬೇಡ ಅಂದ. ಇನ್ನೊಬ್ಬ ಪ್ರಕಾಶಕ ಜೊನಾಥನ್ ಕೇಪ್ ಮೊದಲು ಆಸಕ್ತಿ ತೋರಿಸಿ, ಸರ್ಕಾರದ ವಾರ್ತಾ ಖಾತೆಯ ಒಬ್ಬ ಅಧಿಕಾರಿಯನ್ನು ಕೇಳಿ ಹಿಂದೆ ಸರಿದ. ಹಂದಿ ಬದಲು ಬೇರೆ ಪ್ರಾಣಿ ಇದ್ದರೆ ಒಳ್ಳೆಯದಿತ್ತು ಅಂತಲೂ ಬರೆದ. ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ. ಎಸ್. ಎಲಿಯಟ್ ಕೂಡ ಹಿಂತಿರುಗಿಸಿದ. ಯುದ್ಧ ಮುಗಿಯುವ ಹೊತ್ತಿಗೆ, 1945ರ ಆಗಸ್ಟ್ 17ರಂದು, ಸೆಕರ್ ಅಂಡ್ ವಾರ್ಬರ್ಗ್‌ನಿಂದ ಪುಸ್ತಕ ಹೊರಬಂತು. ಅಲ್ಲಿಯವರೆಗೆ ಲಂಡನ್ನಿನ ಓದಿದವರೂ ಆರ್ವೆಲ್‌ಗೆ ಹೇಳಿದ್ದು ಅದನ್ನೇ. ಸುಮ್ನಿರಜ್ಜಿ.

---

ಹಳೇ ಮೇಷ್ಟ್ರು

ತಂಗೀ, ನಿನ್ನ ಡೈರಿ ಕಥೆ ಓದಿ ನಹುಷ ನೆನಪಾದ. ರೂಪಕ ಕಥೆ ಬರೀ ಇಂಗ್ಲಿಷಿನಿಂದ ಬಂದದ್ದು ಅಂತ ಯಾರೂ ತಿಳಿಯಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಇಂದ್ರ ವೃತ್ರನನ್ನು ಕೊಂದು ಪಾಪಕ್ಕೆ ಹೆದರಿ ನೀರಿನಲ್ಲಿ ಅಡಗಿಕೊಂಡ. ಸ್ವರ್ಗಕ್ಕೆ ರಾಜ ಇಲ್ಲ. ದೇವತೆಗಳು, ಋಷಿಗಳು ಸೇರಿ ಭೂಮಿಯಿಂದ ಒಬ್ಬನನ್ನು ಆರಿಸಿದರು. ಅವನೇ ನಹುಷ. ಯಾಕೆ ಆರಿಸಿದರು? ಧರ್ಮಿಷ್ಠ, ಒಳ್ಳೆಯವನು ಅಂತ. ನನಗೆ ಶಕ್ತಿ ಸಾಲದು ಅಂತ ಅವನೇ ಹಿಂಜರಿದ. ಆಗ ಅವರೇ ವರ ಕೊಟ್ಟರು. ನಿನ್ನ ಕಣ್ಣಿಗೆ ಬಿದ್ದವರ ತೇಜಸ್ಸೆಲ್ಲ ನಿನಗೆ ಸೇರಲಿ ಅಂತ. ಉದ್ಯೋಗಪರ್ವದಲ್ಲಿದೆ ಇದು.

ಆಮೇಲೆ ಏನಾಯಿತು ಎಲ್ಲರಿಗೂ ಗೊತ್ತು. ಇಂದ್ರನ ಹೆಂಡತಿ ಶಚಿಯೇ ಬೇಕು ಅಂದ. ಪಲ್ಲಕ್ಕಿಗೆ ಋಷಿಗಳನ್ನೇ ಹೂಡಿದ. ಅಗಸ್ತ್ಯರ ತಲೆಗೆ ಕಾಲು ತಾಗಿಸಿದ. ಹಾವಾಗಿ ಬಿದ್ದ. ಭೀಮನನ್ನು ಹಿಡಿದು, ಧರ್ಮರಾಯನ ಉತ್ತರ ಕೇಳಿ ಬಿಡುಗಡೆಯಾದ.

ನನ್ನ ಕಣ್ಣಿಗೆ ಕಾಣುವುದು ಆ ವರ. ಎದುರಿಗೆ ನಿಂತು ನೋಡಿದರೆ ನಮ್ಮ ಶಕ್ತಿಯೇ ಹೋಗುತ್ತದೆ ಅಂತ ಗೊತ್ತಿರುವಾಗ ಅವನೆದುರು ಯಾರು ನಿಲ್ಲುತ್ತಾರೆ? ಆ ಏರ್ಪಾಡು ಅವನು ಮಾಡಿಕೊಂಡದ್ದಲ್ಲ. ಆರಿಸಿದವರೇ ಮಾಡಿಕೊಟ್ಟದ್ದು.

ಪಂಚತಂತ್ರದ ನೀಲಿ ನರಿಯನ್ನೂ ಸೇರಿಸಿಕೊಳ್ಳಿ. ನೀಲಿ ಬಣ್ಣದ ತೊಟ್ಟಿಗೆ ಬಿದ್ದು ಕಾಡಿಗೆ ರಾಜನಾದ ಮೇಲೆ ಅದು ಮೊದಲು ಓಡಿಸಿದ್ದು ಹುಲಿಯನ್ನಲ್ಲ, ಸಿಂಹವನ್ನಲ್ಲ. ತನ್ನ ಜಾತಿಯ ನರಿಗಳನ್ನು. ತನ್ನ ನಿಜ ಬಣ್ಣ ಬಲ್ಲವರು ಹತ್ತಿರ ಇರಬಾರದು. ಮಕ್ಕಳಿಗೆ ಪಾಠ ಹೇಳುವಾಗ ಎಲ್ಲರೂ ಕೊನೆಯಲ್ಲಿ ಬರುವ ಊಳನ್ನೇ ಒತ್ತಿ ಹೇಳುತ್ತಾರೆ. ನಾನು ಈ ಓಡಿಸುವ ಭಾಗದಲ್ಲಿ ನಿಲ್ಲಿಸಿ, ಯಾಕೆ ಅಂತ ಕೇಳುತ್ತಿದ್ದೆ. ಏಳನೇ ಕ್ಲಾಸಿನ ಮಕ್ಕಳು ತಕ್ಷಣ ಉತ್ತರ ಹೇಳುತ್ತಿದ್ದರು.

---

ಗಂಗೋತ್ರಿ ಬಸ್

ಓದುಗರ ಗುಂಪಿನ ಇಬ್ಬರು ವಿದ್ಯಾರ್ಥಿಗಳಲ್ಲಿ ನಾನೊಬ್ಬಳು. ಅಕ್ಕ ಬರೆದದ್ದು ತುಂಬಾ ಇಷ್ಟವಾಯಿತು, ಆದರೆ ಒಂದು ತಕರಾರಿದೆ. ಹೀಗೆ ಹೇಳುತ್ತಾ ಹೋದರೆ ತಪ್ಪೆಲ್ಲ ಸಾಲಿನಲ್ಲಿ ನಿಂತವರದ್ದೇ ಆಗುತ್ತದೆ. ಮುಂದೆ ನಾಯಿಗಳು ಬರುತ್ತವಲ್ಲ? ತಪ್ಪೊಪ್ಪಿಕೊಂಡ ಕೋಳಿ, ಹಂದಿ, ಕುರಿಗಳನ್ನು ನೆಪೋಲಿಯನ್ ಎಲ್ಲರೆದುರು ಕೊಲ್ಲಿಸುತ್ತದೆ. ಅಂಥ ಜಾಗದಲ್ಲಿ ಯಾಕೆ ಸುಮ್ಮನಿದ್ದಿರಿ ಅಂತ ಕೇಳುವುದು ಕ್ರೂರ. ಪಾಪ ಬಾಕ್ಸರ್ ಕುದುರೆ. ಇನ್ನೂ ಜಾಸ್ತಿ ದುಡಿಯುತ್ತೇನೆ ಅಂತ ದುಡಿದು ದುಡಿದು ಬಿದ್ದದ್ದನ್ನು ಕಟುಕರ ಗಾಡಿಗೆ ಹತ್ತಿಸುತ್ತಾರೆ. ಅದನ್ನೂ ಹೊಣೆ ಮಾಡೋಣವಾ?

---

ನಾಲೆ ಬದಿ ಹುಡುಗಿ

ಬಾಕ್ಸರ್‌ನನ್ನು ಖಂಡಿತ ಮಾಡುವುದಿಲ್ಲ. ಅದಕ್ಕೆ ನಾಲ್ಕು ಅಕ್ಷರ ದಾಟಿ ಓದಲು ಬರುತ್ತಿರಲಿಲ್ಲ. ಕೊಂದವನ ಹೊಣೆ ಕೊಂದವನದ್ದೇ, ನಮ್ಮೂರಿನ ಲೆಕ್ಕ ಮುಚ್ಚಿಟ್ಟವನ ಹೊಣೆ ಅವನದ್ದೇ. ಅದರಲ್ಲಿ ಒಂದು ಪೈಸೆ ಕಡಿಮೆ ಮಾಡುವುದಿಲ್ಲ.

ನಾನು ಹೇಳುವುದು ಯಾವುದು ಮೊದಲು ಅನ್ನುವುದರ ಬಗ್ಗೆ. ಹಾಲು ಮಾಯವಾಗುವುದು ಎರಡನೇ ಅಧ್ಯಾಯದಲ್ಲಿ. ನಾಯಿಗಳು ಬೆಳೆದು ಸ್ನೋಬಾಲ್‌ನನ್ನು ಓಡಿಸುವುದು ಐದರಲ್ಲಿ. ನಡುವೆ ಎಷ್ಟೊಂದು ಭಾನುವಾರದ ಸಭೆಗಳು ನಡೆದವು. ಆಗ ಅಟ್ಟದ ಮೇಲೆ ಇದ್ದದ್ದು ಮರಿಗಳು. ಅಷ್ಟು ಸಮಯ ಕೇಳಲು ಅವಕಾಶ ಇತ್ತು, ಕೇಳಿದವರನ್ನು ಕಚ್ಚುವವರು ಇರಲಿಲ್ಲ.

ನನಗೆ ಸಿಟ್ಟಿರುವುದು ಬೆಂಜಮಿನ್ ಕತ್ತೆಯ ಮೇಲೆ. ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಓದುವಂಥದ್ದು ಏನೂ ಇಲ್ಲ ಅಂತ ಓದದೆ ಇರುತ್ತದೆ. ಗೋಡೆ ಮೇಲೆ ಬರೆದಿದ್ದ ಫಾರ್ಮಿನ ಕಟ್ಟಳೆಗಳು ಒಂದೊಂದಾಗಿ ಬದಲಾಗುತ್ತಿದ್ದಾಗಲೂ ತಾನಾಗಿ ಬಾಯಿ ಬಿಡುವುದಿಲ್ಲ. ಗೆಳೆಯ ಬಾಕ್ಸರ್‌ನನ್ನು ಗಾಡಿಗೆ ಹಾಕಿದ ಮೇಲೆ ಓಡೋಡಿ ಬಂದು ಗಾಡಿ ಮೇಲಿನ ಅಕ್ಷರ ಓದಿ ಹೇಳುತ್ತದೆ. ಅಷ್ಟೊತ್ತಿಗೆ ಗಾಡಿ ಹೊರಟೇಬಿಡುತ್ತದೆ. ನಮ್ಮೂರಿನಲ್ಲೂ ನಡಾವಳಿ ಪುಸ್ತಕ ಓದಲು ಬರುವವರು ಕಡಿಮೆ ಇರಲಿಲ್ಲ. ಇಬ್ಬರು ಮೇಷ್ಟ್ರುಗಳಿದ್ದರು, ಒಬ್ಬರು ಕೆಇಬಿಯಿಂದ ರಿಟೈರ್ ಆದವರು. ಹಳೇ ಮೇಷ್ಟ್ರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮಂಥವರು ಆ ಸಭೆಯಲ್ಲಿ ಇರಬೇಕಿತ್ತು.

---

ಪರದೆ ಹಿಂದಿನವನು

ತುಘಲಕ್‌ನಲ್ಲಿ ಇತಿಹಾಸಕಾರ ಬರನಿ ಇದ್ದಾನಲ್ಲ, ಅವನೂ ಆ ಕತ್ತೆಯ ಸಾಲಿಗೇ ಸೇರುತ್ತಾನೆ ಅನ್ನಿಸಿತು. ಎಲ್ಲ ನೋಡುತ್ತಾನೆ, ನೊಂದುಕೊಳ್ಳುತ್ತಾನೆ, ಸುಲ್ತಾನನನ್ನು ಪ್ರೀತಿಸುತ್ತಾನೆ. ಕೊನೆಯಲ್ಲಿ ತಾಯಿಯ ಸಾವಿನ ಸುದ್ದಿ ಹೇಳಿ ಆಸ್ಥಾನ ಬಿಟ್ಟು ಹೋಗುತ್ತಾನೆ. ಪಾತ್ರ ಮಾಡಿದ ನಮ್ಮ ನಟ ಅವನನ್ನು ಪೂರ್ತಿ ಸಾಧು ಮಾಡಿಬಿಟ್ಟಿದ್ದ. ಪ್ರೀತಿಸುವವನ ಮೌನ ಅಂತ ಆಡಿದ್ದರೆ ಆ ಪಾತ್ರಕ್ಕೆ ತೂಕ ಬರುತ್ತಿತ್ತು.

---

ಕುಕ್ಕರಹಳ್ಳಿ ಓದುಗ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಪ್ರಿಂಟ್ ತೆಗೆದು ನಮ್ಮ ಇಂಜಿನಿಯರ್‌ಗೆ ಕೊಟ್ಟೆ. ನಾಯಿಮರಿಗಳ ವಾದ ಅವರು ಬಿಟ್ಟಿಲ್ಲ. ಹಾಲಿಗೆ ಸುಮ್ಮನಿದ್ದವರನ್ನು ನೋಡಿಯೇ ನೆಪೋಲಿಯನ್‌ಗೆ ಮರಿಗಳನ್ನು ತೆಗೆದುಕೊಳ್ಳುವ ಧೈರ್ಯ ಬಂದಿರಬಹುದಲ್ಲ ಅಂತ ಕೇಳಿದೆ. ಪುಸ್ತಕ ತೆಗೆದು ಎರಡನೇ, ಮೂರನೇ ಅಧ್ಯಾಯ ಮತ್ತೆ ಓದಲು ಕೂತಿದ್ದಾರೆ.

ಬರುವ ಭಾನುವಾರ ಅನಂತಮೂರ್ತಿಯವರ 'ಅವಸ್ಥೆ' ಶುರು ಮಾಡುತ್ತೇವೆ. ಅದು ರೂಪಕ ಕಥೆಯಲ್ಲ, 1978ರ ನೇರ ಕಾದಂಬರಿ. ಕಾಯಿಲೆಯಿಂದ ಮಲಗಿದ ರೈತ ನಾಯಕ ಕೃಷ್ಣಪ್ಪ ತನ್ನ ಬದುಕನ್ನು ಹಿಂತಿರುಗಿ ನೋಡುವುದು ಅದರಲ್ಲಿದೆ. ಅವನ ಸುತ್ತ ಇದ್ದ, ಅವನನ್ನು ಪ್ರೀತಿಸಿದ ಜನ ಅವನಿಗೆ ಏನೇನು ಮಾಡಿಕೊಟ್ಟರು ಅಂತ ಗುರುತು ಹಾಕಿಕೊಂಡು ಓದಿ ಬನ್ನಿ ಅಂತ ಎಲ್ಲರಿಗೂ ಹೇಳಿದ್ದೇನೆ. ನಾಲೆ ಬದಿ ಹುಡುಗಿ, ಹಳೇ ಮೇಷ್ಟ್ರು, ನೀವೂ ಬನ್ನಿ. ಏಳು ಗಂಟೆಗೆ, ವಿಶ್ವವಿದ್ಯಾಲಯದ ಕಡೆಯ ಗೇಟಿನ ಹತ್ತಿರ ಇರುತ್ತೇವೆ.